ತೆನೆಗೆ ಪ್ರಾಸ: ರೆನೆ ಎಂಬ ಹೆಸರಿನ ಜಾಡು

ತೆನೆ, ಕೆನೆ, ಮೊನೆ, ಮನೆ. ಈ ಸಾಲಿನ ಕೊನೆಗೆ ರೆನೆ ಎಂದು ಸೇರಿಸಿ ನೋಡಿ, ಪ್ರಾಸ ಕೆಡುವುದಿಲ್ಲ. ಫ್ರೆಂಚರು ತಮ್ಮ ಈ ಹೆಸರನ್ನು ಹೇಳುವುದು ಹೆಚ್ಚೂಕಡಿಮೆ ಹಾಗೆಯೇ: ಎರಡು ಗಿಡ್ಡ ಸ್ವರ, ಕೊನೆಯದರ ಮೇಲೆ ತುಸು ಒತ್ತು, ಎಳೆತವಿಲ್ಲ. ಮೊದಲ ಸ್ವರ ನಮ್ಮ 'ಎ'ಗಿಂತ ಮಂಕು, 'ಅ' ಮತ್ತು 'ಎ' ನಡುವೆ ಎಲ್ಲೋ ನಿಲ್ಲುತ್ತದೆ. ಅವರ 'ರ' ಗಂಟಲಿನಿಂದ ಬರುತ್ತದೆ, ಅದಕ್ಕೆ ಹಳಗನ್ನಡದ ಱ ಕೂಡ ಆಗಿಬರದು. ಇಷ್ಟು ಬಿಟ್ಟರೆ ಕನ್ನಡದ ಬಾಯಿಗೆ ಇದರಲ್ಲಿ ಕಷ್ಟದ್ದೇನೂ ಇಲ್ಲ. ಕಷ್ಟ ಶುರುವಾಗುವುದು ಹೆಸರು ಇಂಗ್ಲಿಷಿನ ದಾರಿ ಹಿಡಿದು ಬಂದಾಗ. ಆಗ ಅದು ರೆನೀ, ರಿನೀ, ರೇನಿ, ರೆನೇಯ್ ಆಗುತ್ತದೆ, ಒಬ್ಬಳೇ ಹುಡುಗಿ ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಅಜ್ಜಿಯ ಬಾಯಲ್ಲಿ ಮತ್ತೊಂದು ಆಗಿ ಓಡಾಡುತ್ತಾಳೆ.

ಸುಶ್ಮಿತಾ ಸೇನ್ 2000ದಲ್ಲಿ ದತ್ತು ಪಡೆದ ಮಗಳಿಗೆ ಈ ಹೆಸರಿಟ್ಟ ಮೇಲೆ ಕ್ರೈಸ್ತರಲ್ಲದ ಭಾರತೀಯ ಮನೆಗಳಿಗೂ ಇದು ಪರಿಚಿತವಾಯಿತು. ಮಕ್ಕಳ ಹೆಸರಿನ ಪಟ್ಟಿಗಳಲ್ಲಿ ಈಗ ಇದು ರೇಣು, ರೇಣುಕಾ, ರೇಷ್ಮಾಗಳ ಪಕ್ಕದಲ್ಲೇ ಕೂತಿರುತ್ತದೆ. ಆದರೆ ರೇಣುವಿಗೂ ರೆನೆಗೂ ಸಂಬಂಧವಿಲ್ಲ. ರೇಣು ಎಂದರೆ ಧೂಳು, ಹೂವಿನ ಪರಾಗ. ರೆನೆಯ ಬೇರು ಬೇರೆ ಕಡೆ ಇದೆ.

ಆ ಬೇರು ಲ್ಯಾಟಿನ್ನಿನ ರೆನಾತುಸ್. 'ರೆ' ಎಂದರೆ ಮತ್ತೆ, 'ನಾತುಸ್' ಎಂದರೆ ಹುಟ್ಟಿದವನು. ನಾತುಸ್‌ನ ಇನ್ನೂ ಹಳೆಯ ರೂಪ ಗ್ನಾತುಸ್. ಆ ಗ್ನಾತುಸ್, ನಮ್ಮ ಮಾತಿನಲ್ಲಿ ದಿನವೂ ಓಡಾಡುವ ಜಾತ, ಜನ್ಮ, ಜನನ ಇವೆಲ್ಲ ಒಂದೇ ಇಂಡೋ-ಯುರೋಪಿಯನ್ ಧಾತುವಿನ ಮಕ್ಕಳು. ಹಾಗಾಗಿ ರೆನಾತುಸ್‌ನ ಅಂಗಾಂಗ ಬಿಡಿಸಿದರೆ 'ಪುನರ್ಜಾತ' ಎಂಬ ಸಂಸ್ಕೃತ ಪದವೇ ಎದುರಿಗೆ ಬಂದು ನಿಲ್ಲುತ್ತದೆ. ಹೆಣ್ಣಿಗೆ ರೆನಾತಾ. ಇಟಲಿ, ಪೋರ್ಚುಗಲ್ಲುಗಳು ಈ ರೂಪವನ್ನು ಹೆಚ್ಚು ಸವೆಸದೆ ರೆನಾತೊ, ರೆನಾತಾ ಎಂದೇ ಉಳಿಸಿಕೊಂಡವು. ಫ್ರೆಂಚ್ ಸವೆಸಿತು. ಒತ್ತು ಬಿದ್ದ 'ಆ' ಅಲ್ಲಿ 'ಎ' ಆಯಿತು, ಅದರ ಹಿಂದಿನ 'ತ' ಕರಗಿತು. ಲ್ಯಾಟಿನ್ನಿನಲ್ಲಿ ಹುಲ್ಲುಗಾವಲು ಪ್ರಾತುಮ್, ಫ್ರೆಂಚಿನಲ್ಲಿ ಪ್ರೆ. ನಾತುಸ್ ಹೋಗಿ ನೆ. ಪ್ರೀತಿಪಾತ್ರಳಾದ ಅಮಾತಾ ಫ್ರೆಂಚಿನಲ್ಲಿ ಎಮೆ ಆದಳು, ಆ ಕಡೆಯಿಂದಲೇ ಇಂಗ್ಲಿಷಿಗೆ ಹೋಗಿ ಏಮಿ ಆದಳು. ಈ ನಿಯಮಕ್ಕೆ ಸಿಕ್ಕ ರೆನಾತುಸ್ ಕೂಡ ಮೂರು ಉಸಿರಿನಿಂದ ಎರಡಕ್ಕೆ ಇಳಿದು ರೆನೆ ಆಯಿತು.

ಅರ್ಥದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಹೆಸರಿನ ಪಟ್ಟಿಗಳು ಇದರ ಮುಂದೆ 'ಪುನರ್ಜನ್ಮ' ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ನಮ್ಮ ಕಡೆ ಆ ಮಾತು ಕೇಳಿದ ಕೂಡಲೇ ಸತ್ತು ಇನ್ನೊಂದು ಒಡಲಲ್ಲಿ ಹುಟ್ಟುವುದು ನೆನಪಾಗುತ್ತದೆ, ತಾತನೇ ಮೊಮ್ಮಗನಾಗಿ ಬಂದ ಎಂಬ ಭಾವ ಬರುತ್ತದೆ. ರೆನಾತುಸ್ ಹೇಳುವುದು ಅದನ್ನಲ್ಲ. ಅದು ಜ್ಞಾನಸ್ನಾನದ, ಅಂದರೆ ಕ್ರೈಸ್ತರ ದೀಕ್ಷಾಸ್ನಾನದ ಪದ. ಯೊವಾನ್ನನ ಶುಭಸಂದೇಶದ 3ನೇ ಅಧ್ಯಾಯದಲ್ಲಿ ನಿಕೊದೇಮನು ರಾತ್ರಿ ಯೇಸುವಿನ ಬಳಿಗೆ ಬಂದಾಗ, ನೀರಿನಿಂದಲೂ ಆತ್ಮದಿಂದಲೂ ಮತ್ತೆ ಹುಟ್ಟದವನು ದೇವರ ರಾಜ್ಯಕ್ಕೆ ಸೇರಲಾರ ಎಂಬ ಮಾತು ಬರುತ್ತದೆ. ಲ್ಯಾಟಿನ್ ಬೈಬಲ್ಲಿನ ಆ ವಾಕ್ಯದಲ್ಲಿರುವ ಶಬ್ದವೇ ರೆನಾತುಸ್. ಇದೇ ಬದುಕಿನೊಳಗೆ, ಇದೇ ಮೈಯಲ್ಲಿ ಎರಡನೆಯ ಸಲ ಹುಟ್ಟುವುದು ಎಂದರ್ಥ. ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ಪುನರ್ಜನ್ಮವಲ್ಲ, ಮರುಹುಟ್ಟು. ಹೆರಿಗೆ ಹೆಣ್ಣಿಗೆ ಮರುಹುಟ್ಟು ಅನ್ನುತ್ತಾರಲ್ಲ, ಆ ಮರುಹುಟ್ಟು.

ಹೆಸರು ಊರೂರಿಗೆ ಹಬ್ಬುವುದಕ್ಕೆ ಅರ್ಥವೊಂದೇ ಸಾಲದು, ಒಬ್ಬ ಸಂತ ಬೇಕು, ಒಂದು ಕಥೆ ಬೇಕು. ಪಶ್ಚಿಮ ಫ್ರಾನ್ಸಿನ ಆಂಜು ಸೀಮೆಯ ಆಂಜೆ ಪಟ್ಟಣದಲ್ಲಿ ಎರಡೂ ಸಿಕ್ಕವು. ಐತಿಹ್ಯ ಹೀಗಿದೆ. ಐದನೇ ಶತಮಾನದಲ್ಲಿ ಅಲ್ಲಿನ ಬಿಷಪ್ ಮೊರೀಲ್ ಪೂಜೆಯಲ್ಲಿ ಮಗ್ನನಾಗಿದ್ದಾಗ ತಾಯಿಯೊಬ್ಬಳು ಸಾಯುತ್ತಿದ್ದ ಮಗುವನ್ನು ತಂದಳು. ಅವನು ಪೂಜೆ ಮುಗಿಸಿ ಬರುವಷ್ಟರಲ್ಲಿ ಜ್ಞಾನಸ್ನಾನದ ಸಂಸ್ಕಾರವಿಲ್ಲದೆಯೇ ಮಗು ಸತ್ತಿತ್ತು. ಪಾಪಪ್ರಜ್ಞೆಯಿಂದ ಮೊರೀಲ್ ಊರು ಬಿಟ್ಟು ಕಡಲು ದಾಟಿ ಯಾರದೋ ತೋಟದಲ್ಲಿ ಮಾಲಿಯಾಗಿ ದುಡಿದ. ಏಳು ವರ್ಷದ ಮೇಲೆ ಊರಿನವರು ಹುಡುಕಿ ಕರೆತಂದಾಗ ಆ ಮಗುವಿನ ಗೋರಿಯ ಬಳಿ ಪ್ರಾರ್ಥಿಸಿದ, ಮಗು ಎದ್ದು ಬಂತು, ಅದಕ್ಕೆ ರೆನೆ ಎಂದು ಹೆಸರಿಟ್ಟ, ಮುಂದೆ ಅದೇ ಮಗು ಆಂಜೆಯ ಬಿಷಪ್ ಆಯಿತು. ಇಂಥ ವ್ಯಕ್ತಿ ನಿಜವಾಗಿ ಇದ್ದನೆಂದು ಚರ್ಚಿನ ಇತಿಹಾಸಕಾರರೇ ಒಪ್ಪುವುದಿಲ್ಲ. ಹೆಸರಿನ ಅರ್ಥವನ್ನು ಬಿಡಿಸಿ ಕಥೆ ಕಟ್ಟಿದ ಹಾಗಿದೆ. ನಮ್ಮ ಸ್ಥಳಪುರಾಣಗಳಲ್ಲೂ ಊರ ಹೆಸರಿನಿಂದಲೇ ಕಥೆ ಹುಟ್ಟುವುದಿಲ್ಲವೇ, ಆ ಜಾತಿಯದು.

ಕಥೆ ಸುಳ್ಳಾದರೂ ಕೆಲಸ ಮಾಡಿತು. 1409ರಲ್ಲಿ ಆಂಜೆಯ ಕೋಟೆಯಲ್ಲಿ ಹುಟ್ಟಿದ ರಾಜಕುಮಾರನಿಗೆ ಊರ ಸಂತನ ಹೆಸರೇ ಬಂತು. ಆತ ಆಂಜುವಿನ ಡ್ಯೂಕ್, ಪ್ರೊವಾನ್ಸಿನ ಕೌಂಟ್, ಕೆಲವು ಕಾಲ ನೇಪಲ್ಸಿನ ರಾಜ. ಯುದ್ಧದಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, ಆದರೂ ಜನ 'ಒಳ್ಳೆಯ ರಾಜ ರೆನೆ' ಎಂದೇ ನೆನೆಯುತ್ತಾರೆ. 1480ರಲ್ಲಿ ಅವನು ತೀರಿಕೊಂಡ ಎಕ್ಸ್-ಆನ್-ಪ್ರೊವಾನ್ಸ್ ಪಟ್ಟಣದ ಮುಖ್ಯ ಬೀದಿಯಲ್ಲಿ ಕೈಯಲ್ಲಿ ದ್ರಾಕ್ಷಿಗೊಂಚಲು ಹಿಡಿದ ಅವನ ಪ್ರತಿಮೆಯಿದೆ. ಮಸ್ಕಟ್ ದ್ರಾಕ್ಷಿಯನ್ನು ಆ ಸೀಮೆಗೆ ತಂದವನು ಅವನೇ ಎಂಬ ನಂಬಿಕೆ. ಹೆಸರು ಆಂಜುವಿನ ಗಡಿ ದಾಟಿ ತೆಂಕಣದ ಪ್ರೊವಾನ್ಸಿಗೆ ಕಾಲಿಟ್ಟದ್ದು ಅವನ ಬೆನ್ನಿಗೆ. ಹೆಣ್ಣುರೂಪಕ್ಕೂ ಅರಮನೆ ಸಿಕ್ಕಿತು: 1510ರಲ್ಲಿ ಹುಟ್ಟಿದ, ಫ್ರಾನ್ಸಿನ ದೊರೆ 12ನೇ ಲೂಯಿಯ ಮಗಳು ರೆನೆ ಇಟಲಿಯ ಫೆರಾರಾಕ್ಕೆ ಸೊಸೆಯಾಗಿ ಹೋದಳು. ಆ ಕಾಲದ ಪದ್ಧತಿಯಂತೆ ಹೆಸರೂ ಭಾಷೆ ಬದಲಿಸಿ ಅಲ್ಲಿ ರೆನಾತಾ ಆಯಿತು. ಆಗ ಹೆಸರನ್ನು ಲಿಪ್ಯಂತರ ಮಾಡುತ್ತಿರಲಿಲ್ಲ, ಅನುವಾದವನ್ನೇ ಮಾಡುತ್ತಿದ್ದರು.

ತತ್ತ್ವಜ್ಞಾನಿ ದೆಕಾರ್ತ್‌ನ ಹೆಸರಿಗೂ ಹೀಗೆಯೇ ಆಯಿತು. 1596ರಲ್ಲಿ ಆಂಜುವಿಗೆ ದೂರವಲ್ಲದ ತೂರೆನ್ ಸೀಮೆಯಲ್ಲಿ ಹುಟ್ಟಿದ ಅವನಿಗೆ ಜ್ಞಾನಸ್ನಾನದಲ್ಲಿ ಹೊಣೆ ಹೊತ್ತು ನಿಂತ ಜ್ಞಾನತಂದೆಯರಲ್ಲಿ (ಗಾಡ್‌ಫಾದರ್) ಒಬ್ಬನ ಹೆಸರೂ ರೆನೆಯೇ. ಮಗುವಿಗೆ ಜ್ಞಾನತಂದೆಯ ಹೆಸರಿಡುವುದು ಫ್ರೆಂಚ್ ಹಳ್ಳಿಗಳ ರೂಢಿ. ಒಂದು ಹೆಸರು ಒಂದು ಸೀಮೆಯಲ್ಲೇ ತಲೆಮಾರುಗಟ್ಟಲೆ ಸುತ್ತುತ್ತಿದ್ದುದು ಇದರಿಂದ. 1641ರಲ್ಲಿ ಪ್ಯಾರಿಸಿನಲ್ಲಿ ಅವನ ಲ್ಯಾಟಿನ್ ಪುಸ್ತಕ ಅಚ್ಚಾದಾಗ ಮುಖಪುಟದಲ್ಲಿ 'ರೆನಾತಿ' ಎಂದಿತ್ತು, ಅಂದರೆ ರೆನಾತುಸ್‌ನ ಷಷ್ಠೀ ವಿಭಕ್ತಿ. ಆಂಜುವಿನಲ್ಲೇ 1608ರಲ್ಲಿ ಹುಟ್ಟಿದ ಶಸ್ತ್ರವೈದ್ಯ ರೆನೆ ಗೂಪಿಲ್ ಉತ್ತರ ಅಮೆರಿಕದ ಮಿಷನ್ನಿಗೆ ಹೋಗಿ 1642ರಲ್ಲಿ ಕೊಲೆಯಾದ. 1930ರಲ್ಲಿ ಅವನನ್ನು ಸಂತನೆಂದು ಘೋಷಿಸಿದರು. ಇಂದು ಫ್ರೆಂಚ್ ಕ್ಯಾಲೆಂಡರಿನಲ್ಲಿ ಅಕ್ಟೋಬರ್ 19 ರೆನೆಯ ಹೆಸರಿನ ದಿನ. ಐತಿಹ್ಯದ ಬಿಷಪ್ ಹಿಂದೆ ಸರಿದು, ದಾಖಲೆಯುಳ್ಳ ವೈದ್ಯ ಆ ಜಾಗಕ್ಕೆ ಬಂದಿದ್ದಾನೆ. ಕನ್ನಡ ಮಕ್ಕಳು ಈ ಹೆಸರನ್ನು ಮೊದಲು ಓದುವುದು ಬಹುಶಃ ವಿಜ್ಞಾನದ ಪುಸ್ತಕದಲ್ಲಿ: ಕಾಗದದ ಸುರುಳಿಯನ್ನು ರೋಗಿಯ ಎದೆಗಿಟ್ಟು ಕೇಳಿ 1816ರಲ್ಲಿ ಸ್ಟೆತೊಸ್ಕೋಪಿಗೆ ದಾರಿ ಮಾಡಿದ ರೆನೆ ಲೆನೆಕ್.

ಕ್ಯಾಲೆಂಡರಿನ ಮಾತು ಸುಮ್ಮನೆ ಎತ್ತಿದ್ದಲ್ಲ. ಫ್ರಾನ್ಸಿನಲ್ಲಿ 1803ರ ಏಪ್ರಿಲ್ 1ರ ಕಾನೂನು ಮಗುವಿಗೆ ಇಡಬಹುದಾದ ಹೆಸರುಗಳನ್ನು ಎರಡೇ ಗುಂಪಿಗೆ ಸೀಮಿತಗೊಳಿಸಿತು: ಕ್ಯಾಲೆಂಡರುಗಳಲ್ಲಿ ಬರುವ ಹೆಸರು, ಪ್ರಾಚೀನ ಇತಿಹಾಸದ ವ್ಯಕ್ತಿಗಳ ಹೆಸರು. 1966ರಲ್ಲಿ ಅದು ಸಡಿಲವಾಯಿತು, 1993ರ ಜನವರಿ 8ರ ಕಾನೂನಿನಿಂದ ಹೋಯಿತು. ಸುಮಾರು 190 ವರ್ಷ ಹೆಸರಿನ ಚೀಲಕ್ಕೆ ಹೊಸತು ಬೀಳುವುದು ಕಷ್ಟವಾಗಿದ್ದಾಗ, ಕ್ಯಾಲೆಂಡರಿನಲ್ಲಿದ್ದ, ಗಿಡ್ಡವಾದ, ಗಂಡಿಗೂ ಹೆಣ್ಣಿಗೂ ಒಗ್ಗುವ ರೆನೆಗೆ ಅದು ಅನುಕೂಲವೇ ಆಯಿತು. 20ನೇ ಶತಮಾನದ ಮೊದಲ ದಶಕಗಳು ಇದರ ಸುಗ್ಗಿ. ಹೆಸರಾದವರ ಹುಟ್ಟಿದ ವರ್ಷಗಳೂ ಆ ಆಸುಪಾಸಿನವೇ: ಅಧ್ಯಕ್ಷ ರೆನೆ ಕೋಟಿ 1882, ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರೆನೆ ಕಾಸಾಂ 1887, ಬೆಲ್ಜಿಯಂನ ಚಿತ್ರಕಾರ ರೆನೆ ಮಾಗ್ರಿತ್ 1898, ಮೊಸಳೆ ಗುರುತಿನ ಅಂಗಿಯ ಟೆನಿಸ್ ಆಟಗಾರ ರೆನೆ ಲಾಕೋಸ್ತ್ 1904, ಆಸ್ಟರಿಕ್ಸ್ ಕಥೆಗಾರ ರೆನೆ ಗೋಸಿನಿ 1926. ಆಮೇಲೆ ಇಳಿಯಿತು. ಈಗ ಫ್ರಾನ್ಸಿನಲ್ಲಿ ಇದು ನಮ್ಮ ರಂಗಪ್ಪ, ಸಾವಿತ್ರಮ್ಮಗಳ ಹಾಗೆ ಅಜ್ಜ-ಅಜ್ಜಿಯರ ಹೆಸರು. ಲುವೀಸ್, ಜೂಲ್‌ನಂಥ ಹಳೆಯ ಹೆಸರುಗಳು ಮತ್ತೆ ತೊಟ್ಟಿಲಿಗೆ ಬಂದಿವೆ, ರೆನೆ ಆ ಮಟ್ಟದಲ್ಲಿ ಮರಳಿಲ್ಲ. ಬೆಂಗಳೂರಿನ ದಂಪತಿ 'ಹೊಸ ಫ್ಯಾಷನ್ನಿನ ಹೆಸರು' ಎಂದು ಇಟ್ಟದ್ದು ಪ್ಯಾರಿಸಿನಲ್ಲಿ ಮುತ್ತಜ್ಜಿಯ ಹೆಸರಾಗಿ ಕೇಳುತ್ತದೆ.

ಇನ್ನು ಕಾಗುಣಿತ. ರೋಮನ್ ಲಿಪಿಯಲ್ಲಿ ಗಂಡಿನ ಹೆಸರಿಗೆ ನಾಲ್ಕು ಅಕ್ಷರ: ಆರ್, ಇ, ಎನ್, ಇ. ಕೊನೆಯ 'ಇ' ಮೇಲೆ ಬಲಕ್ಕೆ ಏರುವ ಓರೆಗೆರೆ. ಹೆಣ್ಣಿಗೆ ಅದರ ಮುಂದೆ ಗೆರೆಯಿಲ್ಲದ ಇನ್ನೊಂದು 'ಇ'. ಆ ಐದನೆಯ ಅಕ್ಷರಕ್ಕೆ ಉಚ್ಚಾರವೇ ಇಲ್ಲ, ಲಿಂಗ ತೋರಿಸುವುದಷ್ಟೇ ಅದರ ಕೆಲಸ. ಕಿವಿಗೆ ಎರಡೂ ಒಂದೇ, ಹಾಗಾಗಿ ಫ್ರೆಂಚರೂ ಫೋನಿನಲ್ಲಿ 'ಕೊನೆಗೆ ಎಷ್ಟು ಇ?' ಎಂದು ಕೇಳಬೇಕಾಗುತ್ತದೆ. ಗೆರೆ ಬೀಳಬೇಕಾದದ್ದು ನಾಲ್ಕನೆಯ ಅಕ್ಷರದ ಮೇಲೆ, ಐದನೆಯದರ ಮೇಲಲ್ಲ. ಅಮೆರಿಕದಲ್ಲಿ ಕೆಲವರು ಐದನೆಯದರ ಮೇಲೆ ಹಾಕುತ್ತಾರೆ. ಗಾಯಕಿ, ನಟಿ ರೆನೇ ರ‍್ಯಾಪ್ ತಮ್ಮ ಹೆಸರನ್ನು ಬರೆಯುವುದೇ ಹಾಗೆ. ಫ್ರೆಂಚ್ ವ್ಯಾಕರಣಕ್ಕೆ ಅದು ತಪ್ಪು, ಆದರೆ ಅದು ಅವರ ಹೆಸರು, ತಿದ್ದಲು ನಮಗೆ ಹಕ್ಕಿಲ್ಲ.

ಆ ಗೆರೆ ಅಲಂಕಾರವೂ ಅಲ್ಲ. ಫ್ರೆಂಚಿನಲ್ಲಿ ಅದು ಸ್ವರದ ಗುಣ ಹೇಳುತ್ತದೆ: ಗೆರೆಯಿದ್ದರೆ 'ಎ', ಇಲ್ಲದಿದ್ದರೆ ಮಂಕು ಸ್ವರ ಅಥವಾ ಮೌನ. ಸ್ಪ್ಯಾನಿಷಿನಲ್ಲಿ ಅದೇ ಗೆರೆಗೆ ಬೇರೆ ಕೆಲಸ, ಅಲ್ಲಿ ಅದು ಒತ್ತು ಎಲ್ಲಿ ಎಂದು ತೋರಿಸುತ್ತದೆ. ವೆಂಬ್ಲಿಯಲ್ಲಿ 1995ರಲ್ಲಿ ಮುಂದಕ್ಕೆ ಜಿಗಿದು ಹಿಮ್ಮಡಿಯಿಂದ ಚೇಳಿನಂತೆ ಚೆಂಡು ತಡೆದ ಕೊಲಂಬಿಯಾದ ಗೋಲ್‌ಕೀಪರ್ ರೆನೆ ಇಗೀತಾನ ಹೆಸರಿನಲ್ಲಿ ಗೆರೆ ಬಿಟ್ಟರೆ ಒತ್ತು ಮೊದಲ ಅಕ್ಷರಕ್ಕೆ ಜಾರಿ 'ರೇ-ನೆ' ಎಂದು ಓದಬೇಕಾಗುತ್ತದೆ. ಒಂದೇ ಗುರುತು ಗಡಿ ದಾಟಿದ ಮೇಲೆ ಬೇರೆ ಇಲಾಖೆಗೆ ವರ್ಗವಾದಂತೆ.

ಬೇರೆ ದೇಶಗಳಿಗೆ ಇದು ಹೊರಟದ್ದೇ ಬೇರೆ ಬೇರೆ ವೇಷದಲ್ಲಿ. ಜರ್ಮನಿಯಲ್ಲಿ ಲ್ಯಾಟಿನ್ ರೂಪದಿಂದ ಬಂದ ರೆನಾಟೆ 1930–40ರ ದಶಕಗಳ ಹೆಣ್ಣುಮಕ್ಕಳ ಹೆಸರು. ಫ್ರೆಂಚ್ ರೂಪದ ರೆನೆ ಗಂಡುಮಕ್ಕಳದು, 1970ರ ಹೊತ್ತಿಗೆ ಪೂರ್ವ ಜರ್ಮನಿಯಲ್ಲಿ ರೊನಿ, ಮ್ಯಾಂಡಿಗಳ ಜೊತೆ ಬಹಳ ಓಡಿತು. ಗಡಿ ದಾಟಲು ಬಿಡದ ದೇಶದಲ್ಲಿ ಹೆಸರುಗಳಾದರೂ ದಾಟಿ ಬಂದವು. ಡೆನ್ಮಾರ್ಕಿನಲ್ಲೂ ಅದೇ ದಶಕದ್ದು, ಕೋಪನ್‌ಹೇಗನ್ನಿನ ಬಾಣಸಿಗ ರೆನೆ ರೆಡ್ಝೆಪಿ 1977ರಲ್ಲಿ ಹುಟ್ಟಿದವರು. ಚೆಕ್ ಭಾಷೆಯಲ್ಲಿ ಹೆಸರುಗಳಿಗೂ ವಿಭಕ್ತಿ ಹತ್ತುತ್ತದೆ, 'ಎ'ಕಾರಾಂತದ ಈ ಪರದೇಶಿ ಹೆಸರನ್ನು ಅವರು ವಿಶೇಷಣದ ಸಾಲಿಗೆ ಸೇರಿಸಿ 'ರೆನೆಹೊ' ಎಂದು ಷಷ್ಠೀ ಮಾಡುತ್ತಾರೆ. ನಾವು 'ರೆನೆಯ' ಅನ್ನುವುದು ಎಷ್ಟೋ ಸಲೀಸು.

ಇಂಗ್ಲಿಷಿನಲ್ಲಿ ಗೋಜಲು ಹೆಚ್ಚು. ಹಳೆಯ ತಲೆಮಾರಿನ ಇಂಗ್ಲೆಂಡಿನಲ್ಲಿ ನಾಲ್ಕಕ್ಷರದ, ಗೆರೆಯಿಲ್ಲದ ಈ ಹೆಸರು ಹೆಂಗಸಿನದಾಗಿದ್ದರೆ ಅದು ಫ್ರೆಂಚ್ ಹೆಸರೇ ಅಲ್ಲದಿರಬಹುದು. ಐರೀನ್ ಎಂಬುದನ್ನು ಹಿಂದೆ ಅವರು 'ಐರೀನಿ' ಎಂದು ಹೇಳುತ್ತಿದ್ದರು, ಅದರ ತುಂಡು 'ರೀನಿ'. ಅದರ ಮೂಲ ಗ್ರೀಕ್, ಅರ್ಥ ಶಾಂತಿ. ಹಳೆಯ ಪತ್ರ, ಸಮಾಧಿಕಲ್ಲು, ಹಡಗಿನ ಪ್ರಯಾಣಿಕರ ಪಟ್ಟಿ ಓದುವವರು ಇಲ್ಲಿ ಎಡವುತ್ತಾರೆ. ಅಮೆರಿಕದಲ್ಲಿ ಗಂಡಿನ ರೂಪ ಬಹುಪಾಲು ಸ್ಪ್ಯಾನಿಷ್ ಮನೆಗಳದು, ಹೆಣ್ಣಿನ ರೂಪ ಎಲ್ಲರದು. 1960ರ ದಶಕದಲ್ಲಿ ಅದು ಉತ್ತುಂಗಕ್ಕೇರಿತು, ನಡುಹೆಸರಾಗಿ ಇನ್ನೂ ಹೆಚ್ಚು ಬಳಕೆಯಾಯಿತು. ಅವರ ಉಚ್ಚಾರ 'ರನೇಯ್', ಕೊನೆಯ ಸ್ವರ 'ಯ್' ಕಡೆಗೆ ಜಾರುತ್ತದೆ. ಹಾಗೆ ಓದಿಸಲು ಹೊಸ ಕಾಗುಣಿತಗಳೂ ಹುಟ್ಟಿದವು: ಆರ್-ಇ-ಎನ್-ಎ-ಇ, ಆರ್-ಇ-ಎನ್-ಎ-ವೈ. ಅರ್ಥವನ್ನು ಬೆನ್ನಿಗೆ ಕಟ್ಟಿಕೊಂಡು ಹೆಸರು ಆರಿಸಿಕೊಂಡವರು ಅಲ್ಲಿ ಒಬ್ಬರಿದ್ದಾರೆ. ಗಂಡಾಗಿ ಹುಟ್ಟಿ, ಕಣ್ಣಿನ ಶಸ್ತ್ರವೈದ್ಯರಾಗಿ, ಹೆಣ್ಣಾಗಿ ಬದಲಾದ ಟೆನಿಸ್ ಆಟಗಾರ್ತಿ ರೆನೇ ರಿಚರ್ಡ್ಸ್. ಮರುಹುಟ್ಟು ಎಂಬ ಅರ್ಥಕ್ಕಾಗಿಯೇ ಅವರು ಈ ಹೆಸರು ತೆಗೆದುಕೊಂಡರು. 1977ರಲ್ಲಿ ನ್ಯಾಯಾಲಯದ ತೀರ್ಪಿನ ಮೇಲೆ ಯು.ಎಸ್. ಓಪನ್ನಿನ ಮಹಿಳಾ ವಿಭಾಗದಲ್ಲಿ ಆಡಿದರು.

ನಮ್ಮ ಕಡೆಗೆ ಇದು ಬಂದ ದಾರಿಗಳಲ್ಲಿ ಇಂಗ್ಲಿಷ್ ಒಂದು, ಒಂದೇ ಅಲ್ಲ. ಪುದುಚೇರಿಯಲ್ಲಿ ಫ್ರೆಂಚ್ ಆಡಳಿತ 1881ರ ಸೆಪ್ಟೆಂಬರ್ 21ರ ಆಜ್ಞೆಯಿಂದ, ತಮ್ಮ ವೈಯಕ್ತಿಕ ಕಾನೂನನ್ನು ತೊರೆದು ಫ್ರೆಂಚ್ ನಾಗರಿಕ ಸಂಹಿತೆಗೆ ಒಳಪಡಲು ಭಾರತೀಯರಿಗೆ ಅವಕಾಶ ಕೊಟ್ಟಿತು. ಹಾಗೆ ಮಾಡಿದವರು ಮನೆತನದ ಹೆಸರೊಂದನ್ನು ಆರಿಸಿಕೊಳ್ಳಬೇಕಿತ್ತು, ಹಲವರು ಫ್ರೆಂಚ್ ಹೆಸರನ್ನೇ ಆರಿಸಿದರು. ಮೈಸೂರು ಸೀಮೆಗೆ ಫ್ರೆಂಚ್ ಹೆಸರು ತಂದವರು ಪ್ಯಾರಿಸಿನ ವಿದೇಶಿ ಮಿಷನ್ ಸಂಘದ (ಎಂ.ಇ.ಪಿ.) ಪಾದ್ರಿಗಳು. 1946ರಲ್ಲಿ ಮೈಸೂರಿನ ಸಂತ ಫಿಲೋಮಿನಾ ಕಾಲೇಜು ಆರಂಭವಾದಾಗ ಅಲ್ಲಿನ ಬಿಷಪ್ ಆಗಿದ್ದವರು ರೆನೆ ಫ್ಯೂಗಾ. ಮಂಗಳೂರಿನ ಕಥೆ ಬೇರೆ. ಅಲ್ಲಿನ ಕೊಂಕಣಿ ಕ್ರೈಸ್ತರ ಹಳೆಯ ಹೆಸರುಗಳು ಗೋವಾದ ಮೂಲಕ ಬಂದ ಪೋರ್ಚುಗೀಸ್ ರೂಪದವು. ಇಂಗ್ಲಿಷ್, ಫ್ರೆಂಚ್ ಛಾಯೆಯವು ಆಮೇಲೆ ಸೇರಿದವು. ಆದರೆ ರೆನೆಯ ಅರ್ಧಭಾಗ ಮಂಗಳೂರಿನ ಪತ್ರಿಕೆಗಳಲ್ಲಿ ದಿನವೂ ಅಚ್ಚಾಗುತ್ತದೆ. ಮರಣದ ಪ್ರಕಟಣೆಗಳಲ್ಲಿ ಮದುವೆಯಾದ ಹೆಂಗಸಿನ ಹೆಸರಿನ ಮುಂದೆ ಎನ್-ಇ-ಇ ಎಂದು ಬರೆದು ತವರಿನ ಮನೆತನ ಹೇಳುತ್ತಾರಲ್ಲ, ಅದು ಫ್ರೆಂಚಿನ 'ನೆ', ಅಂದರೆ 'ಹುಟ್ಟಿದವಳು'. ಅದಕ್ಕೆ 'ರೆ' ಸೇರಿದರೆ ರೆನೆ. ಕನ್ನಡ ಪ್ರಕಟಣೆಯಲ್ಲಿ ಅದನ್ನು 'ನೀ' ಎಂದು ಲಿಪ್ಯಂತರ ಮಾಡುವ ಅಗತ್ಯವಿಲ್ಲ. 'ತವರು: ಪಿಂಟೊ ಮನೆತನ' ಎಂದರೆ ಸಾಕು, ಓದುವವರಿಗೂ ತಿಳಿಯುತ್ತದೆ.

ಕನ್ನಡದಲ್ಲಿ ಬರೆಯುವ ಪ್ರಶ್ನೆಗೆ ಬಂದರೆ, ನಮ್ಮ ಲಿಪಿ ಇಲ್ಲಿ ಇಂಗ್ಲಿಷಿಗಿಂತ ಮೇಲು. ಕನ್ನಡದಲ್ಲಿ ಹ್ರಸ್ವ 'ಎ', ದೀರ್ಘ 'ಏ' ಎರಡೂ ಇವೆ. ತಮಿಳು, ತೆಲುಗು, ಮಲಯಾಳಕ್ಕೂ ಇವೆ. ಹಿಂದಿಯ ರೂಢಿಯ ಬರವಣಿಗೆಯಲ್ಲಿ ಹ್ರಸ್ವ 'ಎ'ಗೆ ಅಕ್ಷರವಿಲ್ಲ, ಹಾಗಾಗಿ ಅಲ್ಲಿ 'ರೇನೇ' ಎಂದೇ ಬರೆಯಬೇಕು. ಹಿಂದಿಯಿಂದ ತರ್ಜುಮೆಯಾಗಿ ಬರುವ ಸುದ್ದಿ, ಪಠ್ಯಗಳಲ್ಲಿ ಕಾಣುವ ರೇನೇ ಹುಟ್ಟುವುದು ಹೀಗೆ. ಅದು ಫ್ರೆಂಚ್ ದೋಷವಲ್ಲ, ಲಿಪಿ ಬದಲಿಸುವಾಗ ತಗುಲಿದ ಎಳೆತ.

'ರೆನೀ'ಗೆ ಕಾರಣ ಬೇರೆ. ಭಾರತದ ಇಂಗ್ಲಿಷಿನಲ್ಲಿ ಎರಡು 'ಇ' ಬಂದರೆ ಅದನ್ನು 'ಈ' ಎಂದು ಓದುವುದು ರೂಢಿ. ಶ್ರೀನಿವಾಸ, ಗೀತಾ, ನೀಲಾ ಎಲ್ಲರೂ ಆ ಕಾಗುಣಿತದವರು. ಲಿಪ್ಯಂತರ ಮಾಡುವ ತಂತ್ರಾಂಶವೂ ಅದನ್ನೇ ಕಲಿತಿದೆ, ಐದಕ್ಷರದ ಹೆಸರು ಒತ್ತಿದರೆ 'ರೆನೀ' ಎಂದು ಉಗುಳುತ್ತದೆ. ಕನ್ನಡದ ಬಾಯಿ ಕೊನೆಯ ದೀರ್ಘ 'ಈ'ಯನ್ನು ಹೆಚ್ಚು ಹೊತ್ತು ಹೊರುವುದಿಲ್ಲ, ಲಕ್ಷ್ಮೀ ಲಕ್ಷ್ಮಿಯಾದಂತೆ ರೆನೀ ರೆನಿಯಾಗುತ್ತದೆ, ಅಲ್ಲಿಂದ ರೇಣಿಗೆ ಒಂದೇ ಹೆಜ್ಜೆ.

ಇಂಗ್ಲಿಷ್ ಉಚ್ಚಾರವನ್ನು ಅನುಸರಿಸಿ 'ರೆನೇ' ಎಂದು ಬರೆಯುವವರೂ ಇದ್ದಾರೆ. ಅಮೆರಿಕದ ನಟಿ ಜೆಲ್ವೆಗರ್ ಅವರಂಥವರಿಗೆ ಅದೇ ಸರಿ, ಅವರು ತಮ್ಮನ್ನು ಕರೆದುಕೊಳ್ಳುವುದು ಹಾಗೆ. ಆದರೆ ಕನ್ನಡದ ವಾಕ್ಯದೊಳಗೆ ಈ ರೂಪ ಸ್ವಲ್ಪ ತೊಡಕಿನದು. ನಾವು ಯಾರನ್ನಾದರೂ ಕೂಗುವಾಗ ಕೊನೆಯ ಸ್ವರ ಎಳೆಯುತ್ತೇವೆ: ಗಂಗೇ, ಸೀತೇ. 'ರೆನೇ' ಎಂದು ಅಚ್ಚಾದದ್ದನ್ನು ಓದುವಾಗ ಯಾರೋ ಹಿತ್ತಿಲಿನಿಂದ ಕೂಗಿದಂತೆ ಕೇಳುತ್ತದೆ. ಹ್ರಸ್ವದ 'ರೆನೆ' ನಮ್ಮ 'ಎ'ಕಾರಾಂತ ಪದಗಳ ದಾರಿಯಲ್ಲಿ ನೇರ ನಡೆಯುತ್ತದೆ: ರೆನೆಯ, ರೆನೆಯನ್ನು, ರೆನೆಗೆ, ರೆನೆಯಿಂದ. ಮನೆಯ, ಮನೆಯನ್ನು, ಮನೆಗೆ ಎಂದ ಹಾಗೆ. ಹೆಸರಿಡುವ ಮುಂಚೆ ಈ ನಾಲ್ಕು ರೂಪಗಳನ್ನು ಗಟ್ಟಿಯಾಗಿ ಹೇಳಿ ನೋಡುವುದು ಒಳ್ಳೆಯದು. ಬದುಕಿನುದ್ದಕ್ಕೂ ಆ ಹೆಸರು ಒಂಟಿಯಾಗಿ ನಿಲ್ಲುವುದಕ್ಕಿಂತ ವಿಭಕ್ತಿ ಹೊತ್ತು ನಿಲ್ಲುವುದೇ ಹೆಚ್ಚು.

ಲಿಂಗದ ವಿಷಯ ಇನ್ನೂ ಸ್ವಾರಸ್ಯ. ಸಂಸ್ಕೃತದ ಆಕಾರಾಂತ ಹೆಣ್ಣು ಹೆಸರುಗಳು ಕನ್ನಡಕ್ಕೆ ಬಂದಾಗ 'ಎ'ಗೆ ತಿರುಗುತ್ತವೆ: ಸೀತಾ ಸೀತೆ, ಗಂಗಾ ಗಂಗೆ, ರಾಧಾ ರಾಧೆ. ಹಾಗಾಗಿ ಕನ್ನಡದ ಕಿವಿಗೆ 'ಎ'ಯಲ್ಲಿ ಮುಗಿಯುವ ವ್ಯಕ್ತಿನಾಮವೆಂದರೆ ಹೆಣ್ಣೇ. ದೆಕಾರ್ತ್‌ನ ಪೂರ್ತಿ ಹೆಸರು ಮೊದಲ ಸಲ ಕೇಳಿದವರಿಗೆ ಒಂದು ಕ್ಷಣ ಅನುಮಾನ ಬರುವುದು ಸಹಜ. ರೋಮನ್ ಲಿಪಿಯ ಐದನೆಯ ಅಕ್ಷರ ಕೊಡುತ್ತಿದ್ದ ಸುಳಿವು ಕನ್ನಡ ಲಿಪಿಯಲ್ಲಿ ಉಳಿಯುವುದಿಲ್ಲ, ಎರಡೂ ರೆನೆ. ಆ ಹೊರೆ ಕ್ರಿಯಾಪದಕ್ಕೆ ಬೀಳುತ್ತದೆ: ರೆನೆ ಬಂದನು, ರೆನೆ ಬಂದಳು. ಇಂಗ್ಲಿಷಿನಿಂದ ಅನುವಾದಿಸುವವರು ಮೂಲದ ಕಾಗುಣಿತ ನೋಡದೆ ಮುಂದೆ ಹೋದರೆ ಮೊದಲ ವಾಕ್ಯದಲ್ಲೇ ಗಂಡನ್ನು ಹೆಣ್ಣು ಮಾಡಿರುತ್ತಾರೆ. ಮೂಲದಲ್ಲಿ ನಾಲ್ಕು ಅಕ್ಷರವೋ ಐದೋ ಎಂದು ಎಣಿಸಬೇಕು, ನಾಲ್ಕಾದರೆ ಸರ್ವನಾಮವನ್ನೂ ನೋಡಬೇಕು, ಏಕೆಂದರೆ ಅದು ಇಂಗ್ಲೆಂಡಿನ ಐರೀನಳೂ ಇರಬಹುದು. ಏನೂ ತಿಳಿಯದಿದ್ದರೆ 'ರೆನೆ ಬಂದರು' ಇದ್ದೇ ಇದೆ. ಮರ್ಯಾದೆಯ ಬಹುವಚನ ಎಷ್ಟೋ ಪತ್ರಕರ್ತರ ಮಾನ ಉಳಿಸಿದೆ.

ಇಷ್ಟೆಲ್ಲ ತೀರ್ಮಾನಿಸಿದ ಮೇಲೂ ಕಾಗದಪತ್ರದಲ್ಲಿ ಕೆಡುವುದಕ್ಕೆ ಜಾಗಗಳಿವೆ. ಜನನ ನೋಂದಣಿಗೆ 21 ದಿನದ ಗಡುವು. ಆ ಹೊತ್ತಿಗೆ ಹೆಸರು ಗೊತ್ತಾಗದಿದ್ದರೆ ಆ ಕಲಂ ಖಾಲಿ ಬಿಡಬಹುದು. 12 ತಿಂಗಳ ಒಳಗೆ ಶುಲ್ಕವಿಲ್ಲದೆ, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೆ ಹೆಸರು ಸೇರಿಸಲು ನಿಯಮದಲ್ಲಿ ಅವಕಾಶವಿದೆ. ಕರ್ನಾಟಕದ ಪ್ರಮಾಣಪತ್ರದಲ್ಲಿ ಹೆಸರು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರುತ್ತದೆ. ಇಂಗ್ಲಿಷ್ ಮಾತ್ರ ಬರೆದುಕೊಟ್ಟು ಕನ್ನಡವನ್ನು ಅಲ್ಲಿನವರಿಗೆ ಬಿಟ್ಟರೆ ಸಿಗುವುದು 'ರೆನೀ'. ಎರಡೂ ಲಿಪಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡಿ, ಅಚ್ಚು ಹಾಕುವ ಮುಂಚೆ ಪರದೆಯ ಮೇಲೆ ನೋಡಿ. 2023ರ ಅಕ್ಟೋಬರ್ 1ರ ಬಳಿಕ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ ಮುಂತಾದವಕ್ಕೆಲ್ಲ ಜನನ ಪ್ರಮಾಣಪತ್ರವೇ ಆಧಾರವಾಗಿರುವುದರಿಂದ ಇಲ್ಲಿ ನುಸುಳಿದ 'ಈ' ಮುಂದಿನ ಎಲ್ಲ ಕಾಗದಕ್ಕೂ ಅಂಟುತ್ತದೆ. ಆಧಾರ್‌ನಲ್ಲೂ ಅದೇ ತೊಂದರೆ. ಇಂಗ್ಲಿಷಿನಲ್ಲಿ ಒತ್ತಿದ್ದನ್ನು ಯಂತ್ರವೇ ಕನ್ನಡಕ್ಕೆ ತಿರುಗಿಸುತ್ತದೆ, ಆಪರೇಟರ್ ಅದನ್ನು ಕೈಯಿಂದ ತಿದ್ದಬಲ್ಲರು, ಕೇಳಿದರೆ ಮಾತ್ರ.

ಪಾಸ್‌ಪೋರ್ಟಿನಲ್ಲಿ ಫೋಟೊ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿರುತ್ತವೆ, ಒಂದೊಂದರಲ್ಲಿ 44 ಜಾಗ. ಅಲ್ಲಿಗೆ ಪ್ರವೇಶವಿರುವುದು ರೋಮನ್ನಿನ 26 ದೊಡ್ಡಕ್ಷರ, 10 ಅಂಕಿ, ಖಾಲಿ ತುಂಬುವ ಒಂದು ಬಾಣದ ಗುರುತು ಇಷ್ಟಕ್ಕೇ. ಓರೆಗೆರೆಗೆ ಜಾಗವಿಲ್ಲ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಗೆರೆಯುಳ್ಳ 'ಇ' ಬರೀ ಒಂದು 'ಇ' ಆಗುತ್ತದೆ. ಜರ್ಮನ್ನಿನ ಎರಡು ಚುಕ್ಕಿಯ 'ಯು'ವನ್ನು 'ಯು-ಇ' ಎಂದು ಎರಡಕ್ಷರ ಮಾಡುವುದುಂಟು. ಆ ಲೆಕ್ಕದಲ್ಲೇ ಗೆರೆಯುಳ್ಳ 'ಇ'ಗೂ ಎರಡು 'ಇ' ಎಂದು ಟಿಕೆಟ್ಟಿನಲ್ಲಿ ಯಾರಾದರೂ ತುಂಬಿಸಿದರೆ ರೆನೆ ಎಂಬ ಗಂಡಸು ಕಾಗದದ ಮೇಲೆ ಹೆಂಗಸಾಗುತ್ತಾನೆ, ಪಾಸ್‌ಪೋರ್ಟಿಗೂ ಟಿಕೆಟ್ಟಿಗೂ ತಾಳೆಯಾಗುವುದಿಲ್ಲ. ಉಲ್ಟಾ ಕೂಡ ಆಗುತ್ತದೆ: ಐದನೆಯ ಅಕ್ಷರ ಬೆರಳು ತಪ್ಪಿ ಒತ್ತಿದ್ದು ಎಂದುಕೊಂಡು ಏಜೆಂಟ್ ಅಳಿಸಿಬಿಡುತ್ತಾನೆ. ಡಿ'ಸೋಜ ಎಂಬ ಮನೆತನವಿದ್ದರೆ ಅದರ ಮೇಲ್ಕೊಂಬೂ ಆ ಸಾಲಿನಲ್ಲಿ ಬೀಳುತ್ತದೆ, ಅಕ್ಷರಗಳು ಕೂಡಿಕೊಳ್ಳುತ್ತವೆ. ಟಿಕೆಟ್ ಮಾಡುವಾಗ ಪಾಸ್‌ಪೋರ್ಟಿನ ಆ ಕೆಳಗಿನ ಸಾಲನ್ನೇ ನೋಡಿ ತುಂಬುವುದು ಕ್ಷೇಮ.

ಕಂಪ್ಯೂಟರಿನಲ್ಲಿ ಗೆರೆ ಸಮೇತ ಬರೆಯಬೇಕಾದವರಿಗೆ: ಫೋನಿನಲ್ಲಿ 'ಇ' ಕೀಲಿಯನ್ನು ಒತ್ತಿ ಹಿಡಿದರೆ ಆಯ್ಕೆಗಳು ಬರುತ್ತವೆ, ವಿಂಡೋಸ್‌ನಲ್ಲಿ ಆಲ್ಟ್ ಹಿಡಿದು ಬಲಗಡೆಯ ಅಂಕಿಪಟ್ಟಿಯಲ್ಲಿ 0233. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಈ ಅಕ್ಷರದ ಸಂಖ್ಯೆಯೂ 233. ಆದರೆ ಇದೇ ಅಕ್ಷರವನ್ನು ಬರಿಯ 'ಇ', ಅದರ ಮೇಲೆ ಕೂರುವ 769ನೇ ಸಂಖ್ಯೆಯ ಗೆರೆ, ಹೀಗೆ ಎರಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹುಡುಕಿದರೆ ಸಿಗದ ಹೆಸರುಗಳ ಹಿಂದೆ ಎಷ್ಟೋ ಸಲ ಈ ಎರಡು ತುಂಡಿನ ಕಥೆ ಇರುತ್ತದೆ. ಕನ್ನಡದವರಿಗೆ ಇದು ಹೊಸದಲ್ಲ: 'ಕೊ'ದ ಸ್ವರಚಿಹ್ನೆಯನ್ನು ಒಂದೇ ಗುರುತಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಕೊಡಗು, ಕೊಪ್ಪಳಗಳು ಪಟ್ಟಿಯಲ್ಲಿ ಕಣ್ಣೆದುರಿಗಿದ್ದೂ ಹುಡುಕಾಟಕ್ಕೆ ಸಿಗದಿರುವುದು ಇದರಿಂದಲೇ. ಪಟ್ಟಿ ಇಟ್ಟುಕೊಳ್ಳುವವರು ದಾಖಲಿಸುವಾಗಲೇ ಎಲ್ಲವನ್ನೂ ಕೂಡಿದ ರೂಪಕ್ಕೆ ತಂದುಬಿಟ್ಟರೆ ಕೊಪ್ಪಳದ ರೆನೆ ಎರಡು ಕಡೆಯಿಂದಲೂ ಸಿಗುತ್ತಾಳೆ.